ನೋವಿನ ಮಾತ್ರೆ ದಿನಕ್ಕಿಂತ ಮುಂಚೆ ಖಾಲಿಯಾದ್ರೆ ಏನ್ ಮಾಡ್ಬೇಕು: ಟ್ರಮಡಾಲ್, ಮಾರ್ಫಿನ್ ತಗೊಳ್ಳೋರ ಮನೆಯವರಿಗೆ

ಮನೇಲಿ ಯಾರಾದ್ರೂ ಮಾರ್ಫಿನ್ ಅಥವಾ ಟ್ರಮಡಾಲ್ ಮೇಲಿದ್ರೆ ಈವತ್ತು ರಾತ್ರಿ ಮಲಗೋಕೆ ಮುಂಚೆ ಒಂದು ಕೆಲ್ಸ ಮಾಡಿ, ಡಬ್ಬಿ ತೆಗ್ದು ಮಾತ್ರೆ ಎಣಿಸಿ. ಎಷ್ಟಿದೆ, ದಿನಕ್ಕೆ ನಿಜವಾಗ್ಲೂ ಎಷ್ಟು ಖರ್ಚಾಗ್ತಿದೆ, ಎಷ್ಟು ದಿನಕ್ಕೆ ಬರುತ್ತೆ, ಮುಂದಿನ ಓಪಿಡಿ ಯಾವತ್ತು, ಇಷ್ಟನ್ನ ಒಂದು ನೋಟ್‌ಬುಕ್‌ನಲ್ಲಿ ಬರ್ಕೊಳ್ಳಿ. ನಾನು ಈ ಲೆಕ್ಕ ಹಾಕ್ದೆ ಇದ್ದಿದ್ದಕ್ಕೆ ನಮ್ಮಮ್ಮ ಒಂದು ರಾತ್ರಿಯಿಡೀ ನರಳಿದ್ರು, ಅದನ್ನ ಇನ್ನೊಬ್ರ ಮನೇಲಿ ಯಾರೂ ನೋಡ್ಬಾರ್ದು ಅಂತ ಇದನ್ನ ಬರೀತಿದೀನಿ.

ನಾವಿರೋದು ಅರಸೀಕೆರೆ ಹತ್ರ. ಅಮ್ಮನಿಗೆ ಮೊದ್ಲು ಟ್ರಮಡಾಲ್ ಬರ್ದಿದ್ರು, ಆಮೇಲೆ ನೋವು ಬೆನ್ನುಮೂಳೆಗೆ ಇಳಿದ್ಮೇಲೆ ಬೆಂಗಳೂರಲ್ಲಿ ಮಾರ್ಫಿನ್ ಶುರು ಮಾಡಿದ್ರು. ಎರಡಕ್ಕೂ ರೂಲ್ಸ್ ಬೇರೆ ಬೇರೆ, ಅದು ಗೊತ್ತಿಲ್ದೆ ಸುಮಾರು ಜನ ಮೆಡಿಕಲ್ ಶಾಪಲ್ಲಿ ಜಗಳ ಆಡ್ತಾರೆ, ನಾನೂ ಆಡಿದೀನಿ.

ಟ್ರಮಡಾಲ್ ವಿಷ್ಯ ಮೊದ್ಲು ಹೇಳ್ತೀನಿ. ಇದು ಶೆಡ್ಯೂಲ್ ಎಚ್1 ಅನ್ನೋ, ಡಾಕ್ಟ್ರ ಚೀಟಿ ಇಲ್ದೆ ಮಾರಬಾರದ ಔಷಧಿಗಳ ಪಟ್ಟಿಲಿದೆ, ಈ ಪಟ್ಟಿ 2014ರ ಮಾರ್ಚ್‌ನಿಂದ ಜಾರಿಗೆ ಬಂತು, ಸ್ಟ್ರಿಪ್ ಮೇಲೆ ಕೆಂಪು ಗೆರೆಯ ಚೌಕದೊಳಗೆ ಎಚ್ಚರಿಕೆ ಪ್ರಿಂಟ್ ಆಗಿರುತ್ತೆ ನೋಡಿ, ಅದೇ ಗುರುತು. ಈ ಔಷಧಿ ಮಾರಿದ್ರೆ ಅಂಗಡಿಯವ್ರು ಬೇರೆ ರಿಜಿಸ್ಟರ್‌ನಲ್ಲಿ ಡಾಕ್ಟ್ರ ಹೆಸ್ರು ವಿಳಾಸ, ಪೇಶೆಂಟ್ ಹೆಸ್ರು, ಔಷಧಿ ಹೆಸ್ರು, ಎಷ್ಟು ಕೊಟ್ಟೆ ಅಂತ ಬರೀಬೇಕು, ಆ ರಿಜಿಸ್ಟರನ್ನ ಮೂರು ವರ್ಷ ಇಟ್ಕೊಂಡಿರ್ಬೇಕು. ಇದರ ಮೇಲೆ 2018ರ ಏಪ್ರಿಲ್‌ನಲ್ಲಿ ಟ್ರಮಡಾಲನ್ನ ಎನ್‌ಡಿಪಿಎಸ್ ಅನ್ನೋ ಮಾದಕ ವಸ್ತುಗಳ ಕಾಯ್ದೆ ಕೆಳಗೂ ತಂದ್ರು, ಯಾಕಂದ್ರೆ ಅದನ್ನ ನಶೆಗೆ ಬಳಸೋರು ಜಾಸ್ತಿ ಆಗಿದ್ರು. ಹಾಗಾಗಿ ಅಂಗಡಿಯವ್ರು ಹಿಂದೆಮುಂದೆ ನೋಡೋದು ನಮ್ಮ ಮೇಲಿನ ಅನುಮಾನಕ್ಕಲ್ಲ, ಅವ್ರ ಲೈಸೆನ್ಸ್ ಪ್ರಶ್ನೆ ಅದು.

ಈಗ ಮುಖ್ಯವಾದ ಮಾತು. ದಿನಕ್ಕಿಂತ ಮುಂಚೆ ಮತ್ತೆ ಕೊಡ್ತಾರಾ ಇಲ್ವಾ ಅನ್ನೋದು ನಿಂತಿರೋದು ಚೀಟಿಲಿ ಏನು ಬರ್ದಿದೆ ಅನ್ನೋದ್ರ ಮೇಲೆ. 1945ರ ಡ್ರಗ್ಸ್ ರೂಲ್ಸ್‌ನಲ್ಲಿ 65ನೇ ರೂಲ್ ಅಂತ ಒಂದಿದೆ, ಅದು ಹೇಳೋದು ಇಷ್ಟು: ಚೀಟಿಲಿ ಡಾಕ್ಟ್ರ ಸಹಿ ಮತ್ತೆ ತಾರೀಕು ಇರ್ಬೇಕು, ಪೇಶೆಂಟ್ ಹೆಸ್ರು ವಿಳಾಸ ಇರ್ಬೇಕು, ಒಟ್ಟು ಎಷ್ಟು ಔಷಧಿ ಕೊಡ್ಬೇಕು, ಯಾವ ಡೋಸಲ್ಲಿ ಅಂತ ಬರ್ದಿರ್ಬೇಕು. ಒಂದ್ಸಲ ಔಷಧಿ ಕೊಟ್ಟಾದ್ಮೇಲೆ ಅದೇ ಚೀಟಿಗೆ ಇನ್ನೊಂದ್ಸಲ ಕೊಡೋ ಹಾಗಿಲ್ಲ, ಆದ್ರೆ ಡಾಕ್ಟ್ರೇ ಇದನ್ನ ಇಷ್ಟು ಸಲ ಕೊಡಬಹುದು, ಇಷ್ಟು ದಿನಕ್ಕೊಂದ್ಸಲ ಕೊಡಬಹುದು ಅಂತ ಬರ್ದಿದ್ರೆ ಅದರ ಪ್ರಕಾರ ಕೊಡಬಹುದು. ಕೊಟ್ಟ ಅಂಗಡಿಯವ್ರು ಚೀಟಿ ಮೇಲೆ ಡಾಕ್ಟ್ರ ಸಹಿಗಿಂತ ಮೇಲ್ಗಡೆ ತಮ್ಮ ಹೆಸ್ರು ವಿಳಾಸ ತಾರೀಕು ಹಾಕ್ಬೇಕು. ನಮ್ಮೂರ ಅಂಗಡಿಲಿ ಎರಡನೇ ಸಲ ಹೋದಾಗ ಅವ್ರು ಚೀಟಿ ತಿರುಗ್ಸಿ ಸೀಲ್ ಮೇಲೆ ಬೆರಳಿಟ್ಟು ತೋರ್ಸಿದ್ರು, "ಅಕ್ಕಾ ಇದಕ್ಕೆ ಆಗ್ಲೇ ಹದಿನೈದು ಮಾತ್ರೆ ಕೊಟ್ಟಿದೀನಿ, ಹೊಸ ಚೀಟಿ ತನ್ನಿ, ಇಲ್ಲ ಡಾಕ್ಟ್ರ ಹತ್ರ ರಿಪೀಟ್ ಅಂತ ಬರ್ಸ್ಕೊಂಡು ಬನ್ನಿ" ಅಂತ. ಆವಾಗ ನಂಗೆ ಎಷ್ಟು ಕೋಪ ಬಂತು ಅಂದ್ರೆ ಚೀಟಿ ಕಿತ್ಕೊಂಡು ಬಂದ್ಬಿಟ್ಟೆ. ಅವ್ರು ಹೇಳಿದ್ದು ಪೂರ್ತಿ ಸರಿ.

ಅದಕ್ಕೆ ಡಾಕ್ಟ್ರ ರೂಮಿಂದ ಹೊರಗೆ ಬರೋಕೆ ಮುಂಚೆ, ಅಲ್ಲೇ ಕೂತಿರೋವಾಗ್ಲೇ ಚೀಟಿ ಓದಿ. ಒಟ್ಟು ಎಷ್ಟು ಮಾತ್ರೆ ಅಂತ ಸಂಖ್ಯೆ ಇದ್ಯಾ? ಬರೀ 1-0-1 ಅಂತ ಗೀಚಿ ಎಷ್ಟು ದಿನ ಅಂತ ಬರೀದೆ ಕೊಟ್ರೆ ಅಂಗಡಿಯವ್ರು ತಮಗೆ ತೋಚಿದಷ್ಟು ಕೊಟ್ಟು ಕೈ ತೊಳ್ಕೋತಾರೆ. ಮುಂದಿನ ಭೇಟಿ ಒಂದು ತಿಂಗಳು ಅಂದ್ರೆ ಚೀಟಿಲೂ ಒಂದು ತಿಂಗಳಿಗೆ ಇರ್ಬೇಕು ತಾನೆ, ಹದಿನೈದು ದಿನಕ್ಕೆ ಬರ್ದು ಒಂದು ತಿಂಗಳು ಬಿಟ್ಟು ಬನ್ನಿ ಅನ್ನೋದು ಎಷ್ಟೋ ಸಲ ರಶ್ಶಲ್ಲಿ ಆಗೋ ತಪ್ಪು, ಕೇಳಿದ್ರೆ ಅಲ್ಲೇ ಸರಿ ಮಾಡ್ಕೊಡ್ತಾರೆ. "ಸರ್, ನಾವು ದೂರದಿಂದ ಬರ್ತೀವಿ, ಇದನ್ನ ಎರಡು ಸಲ ಕೊಡಬಹುದು ಅಂತ ಬರೀತೀರಾ" ಅಂತ ಬಾಯಿ ಬಿಟ್ಟು ಕೇಳಿ. ಡಾಕ್ಟ್ರು ಬರೀದೇ ಇರಬಹುದು, ಅದು ಅವ್ರ ನಿರ್ಧಾರ, ಆದ್ರೆ ಕೇಳೋದ್ರಲ್ಲಿ ತಪ್ಪಿಲ್ಲ.

ಟ್ರಮಡಾಲಲ್ಲಿ ಇನ್ನೊಂದು ಅಪಾಯ ಇದೆ, ನೋವು ತಡೀದೆ ಇದ್ದಾಗ ಜನ ತಾವೇ ಡೋಸ್ ಜಾಸ್ತಿ ಮಾಡ್ಕೋತಾರೆ, ಮಾತ್ರೆ ಬೇಗ ಖಾಲಿಯಾಗೋದು ಅದಕ್ಕೇನೆ. ದೊಡ್ಡವ್ರಿಗೆ ದಿನಕ್ಕೆ 400 ಎಂಜಿ ದಾಟೋ ಹಾಗಿಲ್ಲ, ವಯಸ್ಸಾದವ್ರಿಗೆ, ಕಿಡ್ನಿ ತೊಂದ್ರೆ ಇರೋರಿಗೆ ಇನ್ನೂ ಕಮ್ಮಿ. ಜಾಸ್ತಿ ಆದ್ರೆ ಫಿಟ್ಸ್ ಬರಬಹುದು, ಡಿಪ್ರೆಶನ್ ಮಾತ್ರೆ ತಗೊಳ್ತಿರೋರಿಗೆ ಅಪಾಯ ಇನ್ನೂ ಜಾಸ್ತಿ. ಪ್ಯಾರಾಸಿಟಮಾಲ್ ಸೇರಿರೋ ಟ್ರಮಡಾಲ್ ಮಾತ್ರೆ ಬರುತ್ತಲ್ಲ, 37.5 ಪ್ಲಸ್ 325 ಇರೋದು, ಅದನ್ನ ತಗೊಂಡು ಮೇಲಿಂದ ಮನೇಲಿರೋ ಪ್ಯಾರಾಸಿಟಮಾಲನ್ನೂ ನುಂಗಿದ್ರೆ ಲಿವರ್‌ಗೆ ಹೊಡ್ತ. ಬರ್ದಿರೋ ಡೋಸಲ್ಲಿ ನೋವು ಹೋಗ್ತಿಲ್ಲ ಅಂದ್ರೆ ಅದರರ್ಥ ಆ ಔಷಧಿ ಸಾಕಾಗ್ತಿಲ್ಲ ಅಂತ, ಡಾಕ್ಟ್ರಿಗೆ ಗೊತ್ತಾಗ್ಬೇಕಾದ ವಿಷ್ಯ ಅದು.

ಮಾರ್ಫಿನ್ ಕತೆ ಬೇರೆ. ಇದನ್ನ ಚೀಟಿ ಹಿಡ್ಕೊಂಡು ಊರಲ್ಲಿರೋ ಮೆಡಿಕಲ್ ಶಾಪ್‌ಗಳನ್ನೆಲ್ಲ ಸುತ್ತಿದ್ರೂ ಸಾಮಾನ್ಯವಾಗಿ ಸಿಗಲ್ಲ. 1985ರಲ್ಲಿ ಎನ್‌ಡಿಪಿಎಸ್ ಕಾಯ್ದೆ ಬಂದ್ಮೇಲೆ ಲೈಸೆನ್ಸ್ ರಗಳೆ, ಜೈಲಿನ ಭಯ ಎರಡೂ ಸೇರಿ ಎಷ್ಟೋ ಆಸ್ಪತ್ರೆಗಳು ಮಾರ್ಫಿನ್ ಇಡೋದನ್ನೇ ಬಿಟ್ಬಿಟ್ವು, ಗಾಜೀಪುರದಲ್ಲಿ, ನೀಮಚ್‌ನಲ್ಲಿ ಸರ್ಕಾರದ್ದೇ ಅಫೀಮು ಕಾರ್ಖಾನೆ ಇರೋ ದೇಶದಲ್ಲಿ ಕ್ಯಾನ್ಸರ್ ಬಂದವ್ರಿಗೆ ನೋವಿನ ಔಷಧಿ ಇಲ್ದೆ ಹೋಯ್ತು, ಇದನ್ನ ನೆನೆಸ್ಕೊಂಡ್ರೆ ನಂಗೆ ಈಗ್ಲೂ ಹೊಟ್ಟೆ ಉರಿಯುತ್ತೆ. 2014ರಲ್ಲಿ ಕಾಯ್ದೆ ತಿದ್ದಿದ್ರು. 2015ರಲ್ಲಿ ಮಾರ್ಫಿನ್, ಫೆಂಟನಿಲ್, ಮೆಥಡೋನ್, ಆಕ್ಸಿಕೋಡೋನ್, ಕೋಡೀನ್, ಹೈಡ್ರೋಕೋಡೋನ್ ಈ ಆರನ್ನ ಅಗತ್ಯ ನಾರ್ಕೋಟಿಕ್ ಔಷಧಿ ಅಂತ ಘೋಷಿಸಿ, ರಾಜ್ಯದ ಡ್ರಗ್ಸ್ ಕಂಟ್ರೋಲರ್ ಒಬ್ರೇ ಒಪ್ಪಿಗೆ ಕೊಟ್ರೆ ಸಾಕು ಅನ್ನೋ ಹಾಗೆ ಮಾಡಿದ್ರು. ಹಾಗೆ ಒಪ್ಪಿಗೆ ಪಡೆದ ಆಸ್ಪತ್ರೆಗೆ ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆ ಅಂತಾರೆ, ಆಸ್ಪತ್ರೆಯವ್ರ ಬಾಯಲ್ಲಿ ಬರೀ ಆರ್‌ಎಂಐ. ಅಲ್ಲಿ ನೋವಿನ ಚಿಕಿತ್ಸೆಲಿ ತರಬೇತಿ ಆಗಿರೋ ಡಾಕ್ಟ್ರು ಇರ್ಲೇಬೇಕು, ಮಾತ್ರೆ ಎಷ್ಟು ಬಂತು, ಯಾರಿಗೆ ಎಷ್ಟು ಹೋಯ್ತು ಅಂತ ಒಂದೊಂದಕ್ಕೂ ಲೆಕ್ಕ ಇರ್ಬೇಕು. ಬೆಂಗಳೂರಲ್ಲಿ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇದೆ, ಕೊನೇ ಹಂತದ ಕ್ಯಾನ್ಸರ್ ಇರೋರನ್ನ ನೋಡ್ಕೊಳ್ಳೋ ಕರುಣಾಶ್ರಯ ಇದೆ, ಕೆಲವು ದೊಡ್ಡ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಪ್ಯಾಲಿಯೇಟಿವ್ ಕೇರ್, ಅಂದ್ರೆ ನೋವು ನರಳಾಟ ಕಮ್ಮಿ ಮಾಡೋ ಆರೈಕೆ, ಅದರ ವಿಭಾಗ ಇರುತ್ತೆ. ನಿಮಗೆ ಹತ್ರದ್ದು ಯಾವ್ದು ಅಂತ ಮೊದಲ ಭೇಟಿಲೇ ಡಾಕ್ಟ್ರನ್ನ ಕೇಳಿ, ತಿರುವನಂತಪುರದ ಪ್ಯಾಲಿಯಂ ಇಂಡಿಯಾ ಅನ್ನೋ ಸಂಸ್ಥೆ ವೆಬ್‌ಸೈಟಲ್ಲಿ ರಾಜ್ಯವಾರು ಪಟ್ಟಿನೂ ಇದೆ. ಪ್ರತಿ ಸಲ ಬೆಂಗಳೂರಿಗೇ ಹೋಗ್ಬೇಕು ಅಂತಿಲ್ಲ, ಜಿಲ್ಲೆಲೇ ಮಾನ್ಯತೆ ಇರೋ ಜಾಗ ಇದ್ರೆ ರೆಫರೆನ್ಸ್ ಲೆಟರ್ ಬರ್ಸ್ಕೊಂಡು ಅಲ್ಲಿಗೆ ಬದಲಾಯಿಸ್ಕೊಳ್ಳಿ. ಹಾಗಂತ ಎರಡು ಕಡೆ ಒಟ್ಟಿಗೆ ತಗೋಬೇಡಿ. ಒಂದು ಕಡೆ ಕೊಡ್ತಿರೋದು ಇನ್ನೊಂದು ಕಡೆಯವ್ರಿಗೆ ಗೊತ್ತಿಲ್ದೇ ಇದ್ರೆ ಡೋಸ್ ಡಬಲ್ ಆಗೋ ಅಪಾಯ ಒಂದು, ಗೊತ್ತಾದ ದಿನ ನಂಬಿಕೆ ಹೋಗೋದು ಇನ್ನೊಂದು.

ಮಾರ್ಫಿನ್ ಯಾಕೆ ಬೇಗ ಖಾಲಿಯಾಗುತ್ತೆ ಅಂತ ನಂಗೆ ಅರ್ಥ ಆಗೋಕೆ ಎರಡು ತಿಂಗಳು ಬೇಕಾಯ್ತು. ಅಮ್ಮನಿಗೆ 10 ಎಂಜಿ ಮಾತ್ರೆ ನಾಲ್ಕು ಗಂಟೆಗೊಂದು. ಬೆಳಗ್ಗೆ ಆರು, ಹತ್ತು, ಮಧ್ಯಾಹ್ನ ಎರಡು, ಸಾಯಂಕಾಲ ಆರು, ರಾತ್ರಿ ಹತ್ತಕ್ಕೆ ಎರಡು ಮಾತ್ರೆ ಒಟ್ಟಿಗೆ, ನಡುರಾತ್ರಿ ಎಬ್ಬಿಸ್ಬಾರ್ದು ಅಂತ ಡಾಕ್ಟ್ರೇ ಹೇಳಿದ ಹಾಗೆ. ದಿನಕ್ಕೆ ಆರು, ಹದಿನಾಲ್ಕು ದಿನಕ್ಕೆ 84. ಅವ್ರು ಕೊಟ್ಟಿದ್ದೂ 84. ಆದ್ರೆ ಅದ್ರ ಜೊತೆ "ಮಧ್ಯೆ ನೋವು ಚುಚ್ಚಿ ಬಂದ್ರೆ ಒಂದು ಎಕ್ಸ್ಟ್ರಾ ಕೊಡಿ" ಅಂತಾನೂ ಹೇಳಿದ್ರು, ಇದಕ್ಕೆ ಬ್ರೇಕ್‌ಥ್ರೂ ಡೋಸ್ ಅಂತಾರೆ, ಸಾಮಾನ್ಯವಾಗಿ ನಾಲ್ಕು ಗಂಟೆಯ ಡೋಸ್ ಎಷ್ಟೋ ಅಷ್ಟೇ ಇರುತ್ತೆ. ಸ್ನಾನ ಮಾಡ್ಸೋ ಮುಂಚೆ ಒಂದು, ಮಗ್ಗಲು ತಿರುಗ್ಸಿದಾಗ ಒಂದು, ಬೆಳಗಿನ ಜಾವ ಒಂದು ಅಂತ ದಿನಕ್ಕೆ ಮೂರು ಎಕ್ಸ್ಟ್ರಾ ಹೋಗ್ತಿತ್ತು. ಅಂದ್ರೆ ದಿನಕ್ಕೆ ಒಂಬತ್ತು. 84ನ್ನ ಒಂಬತ್ತರಿಂದ ಭಾಗಿಸಿ ನೋಡಿ, ಹತ್ತನೇ ದಿನ ಬೆಳಗ್ಗೆನೇ ಡಬ್ಬಿ ಖಾಲಿ. ಯಾರೂ ತಪ್ಪು ಮಾಡಿಲ್ಲ, ಯಾರೂ ಜಾಸ್ತಿ ನುಂಗಿಲ್ಲ, ಹೇಳಿದ ಹಾಗೇ ಕೊಟ್ಟಿದ್ದು, ಆದ್ರೂ ನಾಲ್ಕು ದಿನ ಮುಂಚೆ ಖಾಲಿ!

ಆ ಹತ್ತನೇ ದಿನ ಭಾನುವಾರ ಆಗಿತ್ತು. ಮಾತ್ರೆ ಜಾಸ್ತಿ ಖರ್ಚಾಯ್ತು ಅಂದ್ರೆ ಬೈತಾರೇನೋ, ಮುಂದಕ್ಕೆ ಕೊಡೋದೇ ನಿಲ್ಲಿಸ್ತಾರೇನೋ ಅಂತ ಹೆದರಿ ನಾನು ಫೋನೂ ಮಾಡ್ಲಿಲ್ಲ. ಸಂಜೆ ಹೊತ್ತಿಗೆ ಅಮ್ಮ ಸುಮ್ಮನೆ ಆಕಳಿಸೋಕೆ ಶುರು ಮಾಡಿದ್ರು, ಮೂಗು ಸೋರೋದು, ಬೆವರು, ಹೊಟ್ಟೆ ಕಿವುಚಿದ ಹಾಗೆ ಆಗಿ ಭೇದಿ, ಒಂದು ಕಡೆ ಕೈಕಾಲು ಇಡೋಕಾಗಲ್ಲ, ಮೇಲಿಂದ ನೋವು ಪೂರ್ತಿ ವಾಪಸ್. ಶೀತ ಆಗಿದೆ ಅಂದ್ಕೊಂಡು ನಾನು ವಿಕ್ಸ್ ಹಚ್ಚಿದೆ. ಅದು ಮಾತ್ರೆ ದಿಢೀರ್ ನಿಂತಿದ್ದಕ್ಕೆ ಮೈ ಕೊಡೋ ಸಿಗ್ನಲ್, ಇದಕ್ಕೂ ಚಟಕ್ಕೂ ಸಂಬಂಧ ಇಲ್ಲ, ಕೆಲವು ವಾರ ಮಾರ್ಫಿನ್ ತಗೊಂಡ ಯಾರ ಮೈಯಾದ್ರೂ ಹೀಗೇ ಮಾಡುತ್ತೆ. ಮಾರನೇ ದಿನ ಬೆಳಗಿನ ಟ್ರೈನ್ ಹತ್ತಿ ಬೆಂಗಳೂರಿಗೆ ಹೋಗಿ ಡಾಕ್ಟ್ರ ಮುಂದೆ ಅಳ್ತಾ ಹೇಳ್ದಾಗ ಅವ್ರು ಕೇಳಿದ್ದು ಒಂದೇ, "ಯಾಕಮ್ಮಾ ಫೋನ್ ಮಾಡ್ಲಿಲ್ಲ ನೀವು? ಎಕ್ಸ್ಟ್ರಾ ಮೂರು ಬೇಕಾಗ್ತಿದೆ ಅಂದ್ರೆ ಮಾಮೂಲಿ ಡೋಸೇ ಕಮ್ಮಿ ಆಗಿದೆ ಅಂತ, ನಾವು ಜಾಸ್ತಿ ಮಾಡ್ತಿದ್ವಿ." ಡೋಸ್ ಜಾಸ್ತಿ ಮಾಡಿದ್ರು, ಎಕ್ಸ್ಟ್ರಾ ಡೋಸನ್ನೂ ಲೆಕ್ಕಕ್ಕೆ ಹಿಡಿದು ಒಟ್ಟು ಸಂಖ್ಯೆ ಬರ್ದ್ರು, ಮೇಲೆ ಎರಡು ದಿನದ್ದು ಸೇರಿಸಿ ಕೊಟ್ರು.

ಅವತ್ತಿಂದ ನಾನು ಮಾಡ್ತಿದ್ದಿದ್ದು ಹೇಳ್ತೀನಿ, ನೀವೂ ಹೀಗೇ ಮಾಡಿ. ಮಕ್ಕಳ ಲೆಕ್ಕದ ನೋಟ್‌ಬುಕ್ಕೇ ಸಾಕು. ಎಡಗಡೆ ತಾರೀಕು, ಮಾಮೂಲಿ ಡೋಸ್ ಕೊಟ್ಟಾಗೆಲ್ಲ ಒಂದು ಗೀಟು, ಎಕ್ಸ್ಟ್ರಾ ಕೊಟ್ಟಾಗ ಒಂದು ಸೊನ್ನೆ, ಪಕ್ಕದಲ್ಲಿ ಟೈಮು ಮತ್ತೆ ಯಾಕೆ ಅಂತ ಒಂದೇ ಪದ, ಸ್ನಾನ, ಕೆಮ್ಮು, ರಾತ್ರಿ ಹೀಗೆ. ಬುಧವಾರ ಮತ್ತೆ ಭಾನುವಾರ ಸ್ಟೀಲ್ ತಟ್ಟೆಲಿ ಮಾತ್ರೆ ಸುರ್ಕೊಂಡು ಎಣಿಸಿ ಕೆಳಗಡೆ ಉಳಿದಿದ್ದೆಷ್ಟು ಅಂತ ಬರೆಯೋದು. ಐದು ದಿನಕ್ಕಾಗೋಷ್ಟು ಉಳೀತು ಅಂದ ತಕ್ಷಣ ಫೋನು, ಖಾಲಿಯಾಗೋ ದಿನದವರೆಗೆ ಕಾಯೋ ಹಾಗಿಲ್ಲ. ಐದು ಯಾಕೆ ಅಂದ್ರೆ ಒಂದು ಭಾನುವಾರ, ಒಂದು ಸರ್ಕಾರಿ ರಜೆ, ಡಾಕ್ಟ್ರು ಇಲ್ದೇ ಇರೋ ಒಂದು ದಿನ, ಪ್ರಯಾಣಕ್ಕೊಂದು ದಿನ, ಮೇಲೊಂದು ಕೈಲಿರ್ಲಿ ಅಂತ. ದಸರಾ, ದೀಪಾವಳಿ, ಯುಗಾದಿ ಬಂದ್ರೆ ಎರಡು ವಾರ ಮುಂಚೆನೇ ಕ್ಯಾಲೆಂಡರ್ ನೋಡ್ಕೊಳ್ಳಿ, ಆಯುಧಪೂಜೆ ವಿಜಯದಶಮಿ ಪಕ್ಕದಲ್ಲಿ ಭಾನುವಾರ ಬಿದ್ರೆ ಮೂರು ದಿನ ಓಪಿಡಿ ಇರಲ್ಲ.

ಮುಂಚೆ ಹೋದಾಗ ಏನ್ ಹೇಳ್ಬೇಕು ಅಂದ್ರೆ, ಇದ್ದಿದ್ದನ್ನ ಇದ್ದ ಹಾಗೆ. ಎಕ್ಸ್ಟ್ರಾ ಡೋಸ್ ಜಾಸ್ತಿ ಆಯ್ತು ಅಂದ್ರೆ ನೋಟ್‌ಬುಕ್ ತೋರ್ಸಿ, ವಾಂತಿ ಆಗಿ ಎರಡು ಮಾತ್ರೆ ಹೋಯ್ತು ಅಂದ್ರೆ ಹಾಗೇ ಹೇಳಿ, ಸ್ಟ್ರಿಪ್ ನೀರಲ್ಲಿ ಬಿತ್ತು ಅಂದ್ರೆ ಆ ಸ್ಟ್ರಿಪ್ಪನ್ನೇ ತಗೊಂಡು ಹೋಗಿ. ಬಸ್ಸಲ್ಲಿ ಕಳೆದೋಯ್ತು, ಕಳ್ತನ ಆಯ್ತು ಅಂದ್ರೆ ಪೊಲೀಸ್ ಸ್ಟೇಷನ್ನಲ್ಲಿ ಒಂದು ದೂರು ಹಾಕಿ ಅದರ ಪ್ರತಿ ಜೊತೆಗಿಟ್ಕೊಳ್ಳಿ, ಆಸ್ಪತ್ರೆಯವ್ರಿಗೂ ತಮ್ಮ ರಿಜಿಸ್ಟರ್‌ಗೆ ಒಂದು ಆಧಾರ ಸಿಗುತ್ತೆ. ಮನೆಯಲ್ಲಿ ಇನ್ಯಾರೋ ತೆಗೆದು ಬಳಸ್ತಿದಾರೆ ಅನ್ನೋ ಅನುಮಾನ ಇದ್ರೆ ಅದನ್ನೂ ಮುಚ್ಚಿಡ್ಬೇಡಿ, ಹೇಳೋಕೆ ಕಷ್ಟ ಆಗುತ್ತೆ, ಆದ್ರೆ ಆಗ ಒಂದು ವಾರಕ್ಕೆ ಮಾತ್ರ ಕೊಡೋದು, ಬೇರೆ ಔಷಧಿಗೆ ಬದಲಾಯಿಸೋದು ಹೀಗೆ ಏನಾದ್ರೂ ದಾರಿ ಡಾಕ್ಟ್ರು ಹುಡುಕ್ತಾರೆ. ಜೊತೆಗೆ ಏನೇನು ಒಯ್ಬೇಕು ಅಂದ್ರೆ ಆಸ್ಪತ್ರೆ ಫೈಲು, ಹಳೇ ಚೀಟಿ, ಉಳಿದಿರೋ ಮಾತ್ರೆ ಎಲ್ಲ ಅದರ ಸ್ಟ್ರಿಪ್ ಸಮೇತ, ಪೇಶೆಂಟ್‌ದು ನಿಮ್ಮದು ಇಬ್ರದ್ದೂ ಆಧಾರ್. ಪೇಶೆಂಟ್ ಏಳೋ ಸ್ಥಿತಿಲಿ ಇಲ್ದೇ ಇದ್ರೆ ಮನೆಯವ್ರು ಹೋಗಿ ತರಬಹುದಾ ಅಂತ ಮೊದ್ಲೇ ಕೇಳಿ, ಅಮ್ಮ ಹಾಸಿಗೆ ಹಿಡಿದ್ಮೇಲೆ ನಾನೊಬ್ಳೇ ಫೈಲ್ ಹಿಡ್ಕೊಂಡು ಹೋಗ್ತಿದ್ದೆ, ಅಮ್ಮನ ಒಂದು ವಿಡಿಯೋ ಫೋನಲ್ಲಿ ತೋರಿಸ್ತಿದ್ದೆ.

ವಿಡಿಯೋ ಕಾಲಲ್ಲೇ ಡಾಕ್ಟ್ರು ಚೀಟಿ ಕಳಿಸ್ಬಹುದಲ್ಲ ಅಂತ ನಿಮ್ಗೂ ಅನಿಸಬಹುದು. 2020ರ ಮಾರ್ಚ್‌ನಲ್ಲಿ ಬಂದ ಟೆಲಿಮೆಡಿಸಿನ್ ಮಾರ್ಗಸೂಚಿಲಿ ಎನ್‌ಡಿಪಿಎಸ್ ಕೆಳಗೆ ಬರೋ ಔಷಧಿನ ಫೋನ್ ಮೇಲೆ, ವಿಡಿಯೋ ಮೇಲೆ ಬರ್ಕೊಡೋ ಹಾಗಿಲ್ಲ ಅಂತ ಪಟ್ಟಿ ಮಾಡಿದ್ರು, ಅದರಲ್ಲಿ ಮಾರ್ಫಿನ್ ಟ್ರಮಡಾಲ್ ಎರಡೂ ಬರುತ್ತೆ. ಹಾಗಾಗಿ ಫೋನ್ ಮಾಡೋದು ಸಲಹೆಗೆ, ಉಳಿದಿದ್ದನ್ನ ಹೇಗೆ ಕೊಡ್ಬೇಕು, ಯಾವತ್ತು ಬರ್ಬೇಕು ಅಂತ ಕೇಳೋಕೆ, ಚೀಟಿಗೆ ಅಲ್ಲ. ವಾಟ್ಸಾಪ್‌ನಲ್ಲಿ ಟೆಲಿಗ್ರಾಂನಲ್ಲಿ ಚೀಟಿ ಇಲ್ದೆ ಮನೆಗೇ ಕಳಿಸ್ತೀವಿ ಅನ್ನೋರ ಹತ್ರ ದಯವಿಟ್ಟು ಹೋಗ್ಬೇಡಿ, ಆ ಮಾತ್ರೆಲಿ ಏನಿದೆ ಅಂತ ಯಾರಿಗೂ ಗೊತ್ತಿಲ್ಲ, ಸಿಕ್ಕಿಬಿದ್ರೆ ಕೇಸ್ ನಿಮ್ಮ ಮೇಲೂ ಆಗುತ್ತೆ. ಪಕ್ಕದ ಬೀದಿಲಿ ತೀರಿಕೊಂಡವ್ರ ಮನೇಲಿ ಉಳಿದಿರೋ ಮಾತ್ರೆನೂ ತಗೋಬೇಡಿ, ಒಳ್ಳೇ ಮನಸ್ಸಿಂದ ಕೊಡ್ತಾರೆ ನಿಜ, ಆದ್ರೆ ಅವ್ರ ಮಾತ್ರೆ 30 ಎಂಜಿದಾಗಿರ್ಬಹುದು, ನಿಮ್ಮದು 10, ನೋಡೋಕೆ ಒಂದೇ ಥರ ಕಾಣುತ್ತೆ.

ಭಾನುವಾರ ರಾತ್ರಿ ನಿಜವಾಗ್ಲೂ ಖಾಲಿಯಾಗೇಬಿಡ್ತು ಅಂದ್ರೆ ಹತ್ತಿರದ ಜಿಲ್ಲಾಸ್ಪತ್ರೆ ಅಥವಾ ಮೆಡಿಕಲ್ ಕಾಲೇಜಿನ ಎಮರ್ಜೆನ್ಸಿಗೆ ಫೈಲ್ ಸಮೇತ ಕರ್ಕೊಂಡು ಹೋಗಿ, ಮಾರ್ಫಿನ್ ಮಾತ್ರೆ ಎಷ್ಟು ಎಂಜಿ, ದಿನಕ್ಕೆ ಎಷ್ಟು, ಕೊನೇದು ಎಷ್ಟು ಗಂಟೆಗೆ ಕೊಟ್ಟಿದ್ದು ಅಂತ ಮೊದಲ ಮಾತಲ್ಲೇ ಹೇಳಿ. ಮಾತ್ರೆ ಸ್ವಲ್ಪ ಇದೆ ಅಂದಾಗ ಅರ್ಧ ಮಾಡಿ ಕೊಡೋದು, ಒಂದು ಹೊತ್ತು ಬಿಡೋದು ಇವೆಲ್ಲ ಡಾಕ್ಟ್ರನ್ನ ಕೇಳದೆ ಮಾಡ್ಬೇಡಿ, ಔಷಧಿನ ಮೈಯೊಳಗೆ ನಿಧಾನವಾಗಿ ಬಿಡೋ ಥರ ಮಾಡಿರೋ ಮಾತ್ರೆನಂತೂ ಮುರೀಲೇಬಾರ್ದು, ಮುರಿದ್ರೆ ಹನ್ನೆರಡು ಗಂಟೆಗೆ ಅಂತ ಇರೋ ಔಷಧಿ ಒಂದೇ ಸಲ ಮೈಗೆ ಹೋಗುತ್ತೆ. ಹೊಸ ಮಾತ್ರೆ ಬಂದ್ಮೇಲೆ ಬಿಟ್ಟುಹೋಗಿದ್ದೆಲ್ಲ ಸೇರಿಸಿ ಕೊಡೋದೂ ಅಷ್ಟೇ ಅಪಾಯ. ಎಬ್ಬಿಸಿದ್ರೂ ಏಳದಷ್ಟು ಮಂಪರು, ಉಸಿರು ತೀರಾ ನಿಧಾನ, ಕಣ್ಣಿನ ಪಾಪೆ ಸೂಜಿಮೊನೆ ಅಷ್ಟಾದ್ರೆ ತಕ್ಷಣ 108ಕ್ಕೆ ಫೋನ್ ಮಾಡಿ.

ಚರ್ಮಕ್ಕೆ ಅಂಟಿಸೋ ಫೆಂಟನಿಲ್ ಪ್ಯಾಚ್ ಇರೋರಿಗೆ ಲೆಕ್ಕ ಸುಲಭ, ಒಂದು ಪ್ಯಾಚ್ ಸಾಮಾನ್ಯವಾಗಿ 72 ಗಂಟೆ, ತಿಂಗಳಿಗೆ ಹತ್ತು. ಆದ್ರೆ ಸೆಕೆಗೆ ಬೆವತು ಕಿತ್ತು ಬರೋದು ಇದ್ದಿದ್ದೇ, ಅದಕ್ಕೆ ಒಂದೆರಡು ಜಾಸ್ತಿ ಬರೀತೀರಾ ಅಂತ ಕೇಳಿ. ಪ್ಯಾಚ್ ಮೇಲೆ ಬಿಸಿನೀರಿನ ಬ್ಯಾಗ್ ಇಡ್ಬೇಡಿ, ಔಷಧಿ ಜಾಸ್ತಿ ಹೀರ್ಕೊಳ್ಳುತ್ತೆ.

ಅಮೆರಿಕದಲ್ಲಿರೋ ಮಕ್ಕಳ ಮನೆಗೆ ಹೋಗೋ ಅಪ್ಪ ಅಮ್ಮಂದ್ರು ಇದಾರಲ್ಲ, ಅವ್ರಿಗೂ ಒಂದು ಮಾತು. ಅಲ್ಲಿ ಮಾರ್ಫಿನ್, ಆಕ್ಸಿಕೋಡೋನ್ ಎಲ್ಲ ಶೆಡ್ಯೂಲ್ 2 ಅನ್ನೋ ಬಿಗಿ ನಿಯಂತ್ರಣದ ಪಟ್ಟಿಲಿವೆ, ಅದಕ್ಕೆ ರಿಫಿಲ್, ಅಂದ್ರೆ ಅದೇ ಚೀಟಿಗೆ ಮತ್ತೆ ಕೊಡೋದು, ಅನ್ನೋದೇ ಇಲ್ಲ, ಪ್ರತಿ ಸಲ ಹೊಸ ಚೀಟಿ, ಬೇಕಂದ್ರೆ ಡಾಕ್ಟ್ರು ಒಟ್ಟು 90 ದಿನಕ್ಕಾಗೋಷ್ಟು ಬೇರೆ ಬೇರೆ ಚೀಟಿ ಬರ್ದು ಯಾವ್ದನ್ನ ಯಾವತ್ತಿಂದ ಕೊಡಬಹುದು ಅಂತ ತಾರೀಕು ಹಾಕ್ಬಹುದು. ಟ್ರಮಡಾಲ್ 2014ರಿಂದ ಅಲ್ಲಿ ಅಷ್ಟು ಬಿಗಿ ಇಲ್ಲದ ಶೆಡ್ಯೂಲ್ 4ರಲ್ಲಿದೆ, ಆರು ತಿಂಗಳಲ್ಲಿ ಐದು ರಿಫಿಲ್‌ವರೆಗೆ. ನಮ್ಮಲ್ಲಿಯ ಚೀಟಿ ಅಲ್ಲಿ ನಡೆಯಲ್ಲ. ದುಬೈ ಕಡೆ ಹೋಗೋರು ಟ್ರಮಡಾಲ್ ಒಂದು ಸ್ಟ್ರಿಪ್ ಇದ್ರೂ ಅಲ್ಲಿನ ಸರ್ಕಾರದ ಅನುಮತಿನ ಆನ್‌ಲೈನ್‌ನಲ್ಲಿ ಮೊದ್ಲೇ ತಗೊಂಡು ಹೋಗಿ.

ಮಾರ್ಫಿನ್ ತಗೊಳ್ಳೋರಲ್ಲಿ ಹೆಚ್ಚಿನವ್ರಿಗೆ ಮಲಬದ್ಧತೆ ಆಗುತ್ತೆ, ಅದರ ಮಾತ್ರೆನೂ ಅದೇ ಚೀಟಿಲಿ ಬರ್ಸ್ಕೊಳ್ಳಿ. ಎಷ್ಟೋ ಜನ ಹೊಟ್ಟೆ ಕಟ್ಟಿ ಹಿಂಸೆ ಆಗಿ ಮಾರ್ಫಿನ್ನನ್ನೇ ಬಿಟ್ಬಿಡ್ತಾರೆ, ಆಮೇಲೆ ನೋವು. ಡಬ್ಬಿ ಬೀರು ಒಳಗೆ, ಬೀಗ ಹಾಕಿ, ಮಕ್ಕಳಿಗೆ ಕಾಣೋ ಹಾಗೆ ಇಡ್ಬೇಡಿ.

ಅಮ್ಮ ಹೋದ ಹನ್ನೊಂದನೇ ದಿನ ಆದ್ಮೇಲೆ ಬೀರು ತೆಗೆದ್ರೆ 31 ಮಾತ್ರೆ ಉಳಿದಿತ್ತು. ಕಸಕ್ಕೆ ಹಾಕ್ಬೇಡಿ, ಯಾರಿಗೂ ಕೊಡ್ಬೇಡಿ, ಕೊಟ್ಟ ಆಸ್ಪತ್ರೆಗೇ ಫೋನ್ ಮಾಡಿ ವಾಪಸ್ ತರ್ಲಾ ಅಂತ ಕೇಳಿ. ನಾನು ತಗೊಂಡು ಹೋದೆ, ಸಿಸ್ಟರ್ ನನ್ನ ಮುಂದೆನೇ ಎರಡು ಸಲ ಎಣಿಸಿ ರಿಜಿಸ್ಟರ್‌ನಲ್ಲಿ ಅಮ್ಮನ ಹೆಸ್ರು ಮುಂದೆ 31 ಅಂತ ಬರ್ದು ನನ್ನ ಸಹಿ ತಗೊಂಡ್ರು.